ಮಳೆಗಾಲ ಮುಗಿದರೂ ಮಳೆಯ ಲೆಕ್ಕ ಮುಗಿಯದಿರಲಿ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಮಳೆ ಅಳೆದು ಬರೆದಿಡುವ ಕೃಷಿಕರಿಗೆ ಕೊರತೆಯಿಲ್ಲ. ಸುಳ್ಯ ತಾಲ್ಲೂಕಿನ ಬಾಳಿಲದಲ್ಲಿ ಕೃಷಿಕರೊಬ್ಬರು 1970ರ ದಶಕದಲ್ಲಿ ಆರಂಭಿಸಿದ ದಿನವಹಿ ಮಳೆ ದಾಖಲೆ ಈ ಭಾಗದಲ್ಲಿ ಹೆಸರಾಗಿದೆ. ಆದರೆ ಹಲವರಲ್ಲಿ ಈ ಉತ್ಸಾಹ ಜೂನ್ ತಿಂಗಳಲ್ಲಿ ಹುಟ್ಟಿ, ದೀಪಾವಳಿಯ ಹೊತ್ತಿಗೆ ಆರಿಹೋಗುತ್ತದೆ. ಮಳೆಮಾಪಕ ಅಟ್ಟ ಸೇರುತ್ತದೆ, ಪುಸ್ತಕ ಮುಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ, ಅಳತೆಯಿಂದ ಹೆಚ್ಚು ಲಾಭ ಸಿಗುವುದು ಆ ನಂತರದ ದಿನಗಳಲ್ಲೇ, ಅಂದರೆ ಜಾರ್ದೆ, ಪೆರಾರ್ದೆ ತಿಂಗಳುಗಳಲ್ಲಿ.

ಜುಲೈಯಲ್ಲಿ ಒಂದು ದಿನಕ್ಕೆ 80 ಮಿ.ಮೀ. ಮಳೆ ಬಂದರೇನು, 100 ಮಿ.ಮೀ. ಬಂದರೇನು? ತೋಟದ ಕೆಲಸದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ನವೆಂಬರಿನ 25 ಮಿ.ಮೀ. ಮಳೆಯ ಮಾತು ಬೇರೆ. ನವೆಂಬರ್-ಡಿಸೆಂಬರಿನಲ್ಲಿ ಅಡಿಕೆಗೆ 7-8 ದಿನಗಳಿಗೊಮ್ಮೆ, ಮರವೊಂದಕ್ಕೆ ಸುಮಾರು 175 ಲೀಟರ್ ನೀರು ಕೊಡಬೇಕೆಂಬುದು ಶಿಫಾರಸು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಮರಕ್ಕೆ ಏಳು ಚದರ ಮೀಟರಿಗಿಂತ ತುಸು ಹೆಚ್ಚು ನೆಲವಿರುತ್ತದೆ. ಹಾಗಾದರೆ 25 ಮಿ.ಮೀ. ಮಳೆಯೆಂದರೆ ಮರಕ್ಕೆ ಸುಮಾರು 180 ಲೀಟರ್. ಸೋಗೆಯ ಮೇಲೆ ನಿಂತು ಆರಿಹೋಗುವ ಸ್ವಲ್ಪವನ್ನು ಕಳೆದರೂ ಒಂದು ಸರದಿಯ ನೀರಾವರಿಯನ್ನು ಮುಂದೂಡಬಹುದು. ಅದೇ 5 ಮಿ.ಮೀ. ಮಾತ್ರ ಬಿದ್ದಿದ್ದರೆ ಅಂಗಳ ಒದ್ದೆಯಾಗಿ ಕಾಣುತ್ತದೆಯೇ ಹೊರತು ಬೇರಿಗೆ ಸಾಕಾಗದು. ಈ ಭೇದ ಕಣ್ಣಂದಾಜಿಗೆ ತಿಳಿಯುವುದಿಲ್ಲ, ಅಳತೆಗೆ ಮಾತ್ರ ತಿಳಿಯುತ್ತದೆ. ಉಳಿದ ನೀರು ಏಪ್ರಿಲ್‌ನಲ್ಲಿ ಒದಗುತ್ತದೆ.

ಎರಡನೆಯದು ಅಂಗಳದ ಅಡಿಕೆ. ಹಣ್ಣಡಿಕೆ ಒಣಗಿ ಚಾಲಿಯಾಗಲು ಸುಮಾರು 40 ದಿನಗಳ ಬಿಸಿಲು ಬೇಕು. ನಡುವೆ ನೆನೆದರೆ ಬೂಸ್ಟು ಬಂದು ದರ್ಜೆ ಇಳಿಯುತ್ತದೆ. ಈ ಕಾಲದ ಮಳೆ ಹೆಚ್ಚಾಗಿ ಬಂಗಾಳ ಕೊಲ್ಲಿಯ ಕಡೆಯಿಂದ ಬರುವಂಥದ್ದು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ದುರ್ಬಲಗೊಂಡು ಪಶ್ಚಿಮಕ್ಕೆ ಸಾಗಿದಾಗ, ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಜಿಲ್ಲೆಯಲ್ಲೂ ಮಳೆ ಸುರಿಯಿತು. ಆಚೆ ಕರಾವಳಿಯ ಸುದ್ದಿಗೂ ನಮ್ಮ ಅಂಗಳದ ಮಳೆಗೂ ನಡುವೆ ಒಂದೆರಡು ದಿನಗಳ ಬಿಡುವು ಸಿಕ್ಕಿತು. ರೇಡಿಯೋ, ಫೋನುಗಳಲ್ಲಿ ಬರುವ ಮುನ್ಸೂಚನೆಯ ಜೊತೆಗೆ, ಬೆಳಗಿನ ಒಣ ಮೂಡುಗಾಳಿ ನಿಂತಿತೇ, ರಾತ್ರಿಯ ಸೆಕೆ ಏರಿತೇ, ಇಬ್ಬನಿ ಬಿದ್ದಿತೇ ಎಂದು ನಿತ್ಯ ಬರೆದಿಡುವ ರೈತನು ಟಾರ್ಪಾಲು ಹೊದಿಸುವ ಸಮಯವನ್ನು ಇತರರಿಗಿಂತ ಮೊದಲೇ ಅರಿಯಬಲ್ಲನು.

ಗೇರು ತೋಟಕ್ಕೂ ಇದೇ ಮಾತು. ಮಳೆ ಬಿಟ್ಟೊಡನೆ ಗೇರು ಚಿಗುರುತ್ತದೆ. ಆ ಎಳೆ ಚಿಗುರಿಗೇ ಟೀ ಸೊಳ್ಳೆ ಬೀಳುತ್ತದೆ. ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ ಸಿಂಪರಣೆಯ ವೇಳೆ ನೋಡಬೇಕು. ಮೋಡ, ಮಳೆಯ ದಿನಗಳೊಂದಿಗೆ ಚಿಗುರು ಮತ್ತು ಹೂವಿನ ದಿನಾಂಕಗಳನ್ನೂ ಬರೆದಿಟ್ಟರೆ, ನಾಲ್ಕಾರು ವರ್ಷಗಳಲ್ಲಿ ತೋಟದ್ದೇ ಒಂದು ಪಂಚಾಂಗ ಸಿದ್ಧವಾಗುತ್ತದೆ.

ಇದನ್ನೆಲ್ಲ ಸರಕಾರದ ಯಂತ್ರಗಳು ಮಾಡುತ್ತವಲ್ಲ ಎಂದು ಕೆಲವರು ಕೇಳಬಹುದು. ನಿಜ, ಗ್ರಾಮ ಪಂಚಾಯತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದೂ ಅಧಿಕೃತ ಮಾಪನದಿಂದಲೇ. ಆದ್ದರಿಂದಲೇ ನಮ್ಮ ಲೆಕ್ಕವೂ ಇರಬೇಕೆನ್ನುತ್ತೇನೆ. ಹಿಂಗಾರಿನ ಗುಡುಗು ಮಳೆ ಊರೂರಿಗೆ ಭಿನ್ನ; ಪುತ್ತೂರು ಪೇಟೆಯಲ್ಲಿ ಸುರಿದದ್ದು ನರಿಮೊಗರಿನಲ್ಲಿ ಹನಿಯದೇ ಇರಬಹುದು. ಯಂತ್ರವೂ ಕೆಡಬಹುದು. ಒಬ್ಬ ರೈತನ ಪುಸ್ತಕದಿಂದ ವಿಮೆ ಸಿಗದು. ಆದರೆ ಒಂದೇ ಗ್ರಾಮದ ಹತ್ತು ಮನೆಗಳ ಪುಸ್ತಕ ಒಂದೇ ಮಾತನ್ನು ಹೇಳಿ, ಯಂತ್ರ ಬೇರೆ ಹೇಳಿದರೆ, ಯಂತ್ರವನ್ನು ಪರೀಕ್ಷಿಸಿರೆಂದು ಕೇಳಲು ಆಧಾರವಿರುತ್ತದೆ. ಬರಹವಿಲ್ಲದ ದೂರು ಬರಿಯ ಗೊಣಗಾಟವಾಗುತ್ತದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಮಳೆಮಾಪಕವಿಲ್ಲದವರು ಬಾಯಿ ಮತ್ತು ತಳ ಒಂದೇ ಅಗಲವಿರುವ ನೆಟ್ಟಗಿನ ಡಬ್ಬಿಯನ್ನು ಬಯಲಿನಲ್ಲಿ, ಮರ-ಮಾಡುಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿ ಇಟ್ಟು, ಅಡಿಪಟ್ಟಿಯಿಂದ ಅಳೆಯಬಹುದು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳತೆ ನಡೆಯಲಿ. ಇಲಾಖೆಯ ಲೆಕ್ಕವೂ ಆ ಹೊತ್ತಿನದೇ ಆದುದರಿಂದ ಹೋಲಿಸಲು ಸುಲಭ. ಮಳೆ ಬಾರದ ದಿನ ಸೊನ್ನೆ ಬರೆಯಲು ಮರೆಯಬಾರದು. ಖಾಲಿ ಬಿಟ್ಟ ಸಾಲು ಮಳೆ ಬಾರಲಿಲ್ಲವೆಂದು ಹೇಳುವುದಿಲ್ಲ, ನೋಡಲಿಲ್ಲವೆಂದು ಹೇಳುತ್ತದೆ. ಇಬ್ಬನಿ, ಮಂಜು, ಮೋಡ, ಗಾಳಿಯ ದಿಕ್ಕುಗಳಿಗೆ ಒಂದೊಂದು ಅಂಕಣವಿರಲಿ. ಅನುಕೂಲವಿದ್ದವರು ಕನಿಷ್ಠ-ಗರಿಷ್ಠ ಉಷ್ಣಮಾಪಕವನ್ನು ನೆರಳಿನಲ್ಲಿ ತೂಗುಹಾಕಲಿ.

ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಬಹುದು. ದಿನಕ್ಕೆ ಐದು ನಿಮಿಷ ಸಾಕು. ಅಡಿಕೆಯ ತೂಕವನ್ನೂ ದರವನ್ನೂ ತಪ್ಪದೆ ಬರೆದಿಡುವ ನಾವು, ಅವೆರಡನ್ನೂ ಏರಿಳಿಸುವ ಹವಾಮಾನದ ಲೆಕ್ಕವನ್ನು ಅರ್ಧ ವರ್ಷಕ್ಕೇ ಮುಚ್ಚಿಡುವುದು ತರವಲ್ಲ.