ವರ್ಷದ ಕೊನೆಯ ಪಾಠ

ಪರೀಕ್ಷೆಯ ಕಾಲದ ಬಿಸಿಲೇರಿತೆಂದರೆ ಮಕ್ಕಳ ದೇಹ ಮಾತ್ರ ತರಗತಿಯಲ್ಲಿರುತ್ತದೆ. ಮನಸ್ಸು ಆಗಲೇ ಅಜ್ಜಿಯ ಊರು ಸೇರಿರುತ್ತದೆ. ಗದರಿದರೆ ಅದು ಮರಳಿ ಬಾರದು. ಸಿಂಧನೂರು, ಲಿಂಗಸುಗೂರುಗಳ ಅಧ್ಯಾಪಕರಲ್ಲಿ ಒಂದು ಬಿನ್ನಹ: ಬೆಳಗಿನ ತಂಪಿನಲ್ಲಿ ಮಕ್ಕಳನ್ನು ನಡುವಿನ ಮಸ್ಕಿಗೆ ಕರೆದೊಯ್ಯಿರಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ನನಿಗೆ ಅಲ್ಲಿ ದೊರೆತದ್ದು ಶಿಲೆಯ ಮೇಲಿನ ಅಕ್ಷರಗಳು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಜಗತ್ತಿಗೆ ಖಚಿತಪಡಿಸಿದ್ದು ಆ ಬಂಡೆ. ಮಕ್ಕಳು ಅಲ್ಲಿಯೇ ಕುಳಿತು ತಮ್ಮ ತಮ್ಮ ಹೆಸರುಗಳನ್ನೂ ಬ್ರಾಹ್ಮೀಲಿಪಿಯಲ್ಲಿ ಬರೆಯಲಿ.

ಇದು ಬರಿಯ ವಿನೋದವಲ್ಲ. ರಜೆಯಲ್ಲಿ ಹೆತ್ತವರೊಡನೆ ಗುಳೆ ಹೋಗುವ ಕೆಲವು ಮಕ್ಕಳು ಶಾಲೆ ತೆರೆದಾಗ ಹಿಂತಿರುಗುವುದಿಲ್ಲ. ಕೊನೆಯ ವಾರದ ಸವಿನೆನಪು ಅವರಲ್ಲಿ ಒಬ್ಬನನ್ನಾದರೂ ಮರಳಿ ಕರೆತಂದರೆ, ಅಧ್ಯಾಪಕರ ವರ್ಷವೆಲ್ಲ ಸಾರ್ಥಕವಲ್ಲವೆ?