ಶೆಡ್ಡಿನಲ್ಲಿರುವ ಪದ್ಮಿನಿ

ಮಕ್ಕಳೇ, ಹಳೆಯ ಕಾರು ನೋಡಲು ಹೋಗುವಾಗ ಜೇಬಿನಲ್ಲಿ ದುಡ್ಡಿಗಿಂತ ಮೊದಲು ಒಂದು ಮ್ಯಾಗ್ನೆಟ್ ಇರಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದೇ ಸಾಕು. ಕಾರಿನ ತಗಡನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಜಾರಿ ಬೀಳುತ್ತದೆ. ಬ್ಯಾಂಕಿನಲ್ಲಿ ವಾಹನ ಸಾಲದ ಮೇಜಿನಲ್ಲಿದ್ದಾಗ ಒಬ್ಬ ಮೆಕ್ಯಾನಿಕ್ ನನಗೆ ಹೇಳಿಕೊಟ್ಟ ವಿದ್ಯೆ ಇದು.

ಈ ವಿದ್ಯೆಯನ್ನು ನನ್ನ ಮೊಮ್ಮಗ ಕಳೆದ ತಿಂಗಳು ನಮ್ಮದೇ ಕಾರಿನ ಮೇಲೆ ಪ್ರಯೋಗಿಸಿದ. ಬಂಟ್ವಾಳದ ನಮ್ಮ ಮನೆಯ ಶೆಡ್ಡಿನಲ್ಲಿ, ಅಡಿಕೆ ಗೋಣಿಗಳ ಪಕ್ಕದಲ್ಲಿ, 1986ರ ಪ್ರೀಮಿಯರ್ ಪದ್ಮಿನಿ ಉಂಟು. ಮ್ಯಾಗ್ನೆಟ್ ನಾಲ್ಕು ಕಡೆ ಬಿತ್ತು. ಒಳಗಿನ ಮ್ಯಾಟ್ ಎತ್ತಿದರೆ ನೆಲದ ತಗಡಿನಲ್ಲಿ ಅಂಗೈಯಷ್ಟು ತೂತು, ಅದರಿಂದ ಶೆಡ್ಡಿನ ಮಣ್ಣು ಕಾಣುತ್ತಿತ್ತು. "ಅಜ್ಜಾ, ಇದು ಗುಜರಿಗೇನಾ?" ಎಂದ. ಅವನಪ್ಪನ ಅಭಿಪ್ರಾಯವೂ ಅದೇ. ಬಿಕಾಂ ಓದಿದವನಿಗೆ ಸವಕಳಿ ಹೇಳಿಕೊಡಬೇಕಾ? ವರ್ಷಕ್ಕೆ ಶೇಕಡ 15ರಂತೆ ಕಳೆಯುತ್ತಾ ಹೋದರೆ 10 ಲಕ್ಷದ ಕಾರು ಹತ್ತು ವರ್ಷದಲ್ಲಿ 1 ಲಕ್ಷ 97 ಸಾವಿರದ ಹತ್ತಿರ ಬಂದು ನಿಲ್ಲುತ್ತದೆ. ನಮ್ಮದು ಪುಸ್ತಕದಲ್ಲಿ ಎಂದೋ ತೀರಿಹೋಗಿದೆ.

ಅಜ್ಜ ಅಜ್ಜಿಯರಿಗೆ ಪದ್ಮಿನಿಯ ಪರಿಚಯ ಬೇಡ, ಮಕ್ಕಳಿಗೆ ಬೇಕು. ಮುಂಬೈಯ ಕುರ್ಲಾದಲ್ಲಿ ಫಿಯಟ್ 1100ರ ಅಚ್ಚಿನಲ್ಲಿ ತಯಾರಾಗುತ್ತಿದ್ದ ಕಾರು. 1974ರಲ್ಲಿ ಚಿತ್ತೋರಿನ ರಾಣಿಯ ಹೆಸರಿಟ್ಟರು. 1089 ಸಿಸಿ ಎಂಜಿನ್, ಸ್ಟೇರಿಂಗಿನ ಬದಿಯಲ್ಲೇ ಗೇರಿನ ಕೋಲು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಕಾಲವೂ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು ನೋಡಿ, ಆಮೇಲೆ ಇದರ ಗತ್ತು ಇಳಿಯಿತು.

ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ಏಪ್ರಿಲ್ ಬಿಸಿಲಿಗೆ ಇದು ಒಮ್ಮೆಗೇ ಕೆಮ್ಮಿ ನಿಲ್ಲುತ್ತಿತ್ತು. ಪೈಪಿನೊಳಗೆ ಪೆಟ್ರೋಲು ಕಾದು ಆವಿಯಾಗುತ್ತದೆ. ಪಂಪಿಗೆ ದ್ರವವನ್ನು ಎಳೆಯಲು ಬರುತ್ತದೆ, ಆವಿಯನ್ನು ಎಳೆಯಲು ಬರುವುದಿಲ್ಲ. ಆಗ ನನ್ನ ಹೆಂಡತಿ ಬೈರಾಸು ಒದ್ದೆ ಮಾಡಿ ಕೊಡುವುದು, ನಾನು ಅದನ್ನು ಪಂಪಿಗೆ ಸುತ್ತುವುದು. ಹತ್ತು ನಿಮಿಷ ಕಳೆದರೆ ಕಾರು ತಯಾರು. ಆ ಹತ್ತು ನಿಮಿಷದಲ್ಲಿ ಮಕ್ಕಳು ಬುತ್ತಿ ಖಾಲಿ ಮಾಡಿರುತ್ತಿದ್ದರು. ಇಳಿಯುವಾಗ ಮಾತ್ರ ನಗು ಇರಲಿಲ್ಲ. ಡ್ರಮ್ ಬ್ರೇಕು ತುಂಬಾ ಕಾದರೆ ಹಿಡಿತ ಸಡಿಲವಾಗುತ್ತದೆ. ಎರಡನೇ ಗೇರಿನಲ್ಲೇ ಜಪ ಮಾಡಿಕೊಂಡು ಇಳಿಯಬೇಕು.

ಮೂಡುಬಿದಿರೆಯ ಒಬ್ಬ ಹುಡುಗ ಇದನ್ನು ಕೇಳಿಕೊಂಡು ಬಂದ. ಅವನು ಓಡಿಸುವುದು ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ ವಿಟೆಕ್. ಸುತ್ತು ಏರಿದ ಹಾಗೆ ಎಂಜಿನ್ ಕವಾಟಗಳನ್ನು ಹೆಚ್ಚು ತೆರೆದು ಉಸಿರೆಳೆದುಕೊಳ್ಳುವ ಕಾರು, 106 ಅಶ್ವಶಕ್ತಿ. ಪದ್ಮಿನಿಯದು ಅದರ ಅರ್ಧವೂ ಇಲ್ಲ. "ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಕಿಲೋಮೀಟರ್ ನೋಡಬಾರದು ಸರ್, ಹಿಂದಿನ ಯಜಮಾನನನ್ನು ನೋಡಬೇಕು" ಎಂದ. ಆ ಮಾತು ನನಗೆ ಹಿಡಿಸಿತು. ಸಾಲಗಾರನ ವಿಷಯದಲ್ಲೂ ನಾವು ನೋಡುತ್ತಿದ್ದದ್ದು ಅದನ್ನೇ. ಆದರೆ ಪದ್ಮಿನಿಗೆ ಬೇರೆ ಎಂಜಿನ್ ಕೂರಿಸಿ, ಅಗಲದ ಟಯರು ಹಾಕಿ, ಕಪ್ಪು ಬಣ್ಣ ಹೊಡೆಸುತ್ತಾನಂತೆ. ಬೆಳ್ತಂಗಡಿಯ ನನ್ನ ಗೆಳೆಯರು ಇದಕ್ಕೆ ಪೂರ್ತಿ ವಿರೋಧ. ಒಂದು ಬೋಲ್ಟೂ ಬದಲಾಗಬಾರದು ಎನ್ನುವ ಪಂಗಡ ಅವರದು. ಅದೂ ಸ್ವಲ್ಪ ಅತಿಯೇ. ಬ್ರೇಕಿನ ಮಟ್ಟಿಗೆ ನಾನು ಹುಡುಗನ ಕಡೆಗೆ.

ತೀರ್ಮಾನ ಆಗದೆ ಮೊಮ್ಮಗನನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋದೆ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳ ಮ್ಯೂಸಿಯಂ ಅಲ್ಲಿ ಉಂಟಲ್ಲ. ಹುಡುಗ ಸಾಲು ಮುಗಿಯುವವರೆಗೂ ಮಾತಾಡಲಿಲ್ಲ. ಕೊನೆಗೆ ಕೇಳಿದ, "ಇವುಗಳಿಗೂ ಒಮ್ಮೆ ಯಾರಾದರೂ ಗುಜರಿ ಅಂದಿರಬಹುದಾ ಅಜ್ಜಾ?"

ಮನೆಗೆ ಬಂದು ಕಾಗದ ತೆಗೆದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ಮೂಲ ರೂಪದಲ್ಲೇ ಇದ್ದರೆ ವಿಂಟೇಜ್ ಎನಿಸಿಕೊಳ್ಳುತ್ತದೆ. ನಂಬರಿನಲ್ಲಿ 'ವಿಎ' ಅಕ್ಷರ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾದರೆ ಇಲ್ಲ. ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ನಮ್ಮದಕ್ಕೆ 50 ತುಂಬುವುದು 2036ರಲ್ಲಿ. ಆಗ ಇವನಿಗೆ ಇಪ್ಪತ್ತೆರಡು, ನನಗೆ ಎಂಬತ್ತೈದು. ಇವನು ಲೆಕ್ಕ ಹಾಕಿ, ನನ್ನ ಮುಖ ನೋಡಿ, ಸುಮ್ಮನಾದ.

ಮೂಡುಬಿದಿರೆಯ ಹುಡುಗನಿಗೆ ಫೋನು ಮಾಡಿ ಕೊಡಲಿಕ್ಕಿಲ್ಲ ಎಂದೆ. ಬೇಜಾರು ಮಾಡಿಕೊಳ್ಳದೆ, ತಗಡು ಕೆಲಸ ಚೆನ್ನಾಗಿ ಮಾಡುವ ಒಬ್ಬ ವೆಲ್ಡರನ ನಂಬರು ಕೊಟ್ಟ. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ವೆಲ್ಡರ್ ಬುಧವಾರ ಬರುತ್ತೇನೆ ಎಂದಿದ್ದಾನೆ. ಮಳೆ ಹಿಡಿಯುವುದರೊಳಗೆ ನೆಲದ ತಗಡು ಮುಗಿಯಬೇಕು. ಅಡಿಕೆ ಗೋಣಿಗಳನ್ನು ಎಲ್ಲಿಡುವುದು ಎಂಬುದೇ ಈಗಿನ ಚಿಂತೆ.