ಉಕ್ಕಿನ ಟೋಪಿಯೊಳಗೆ ಯಾರ ಹೆಸರು?

ಅಡುಗೆಮನೆಯ ಹಳೆಯ ಸ್ಟೀಲ್ ಪಾತ್ರೆಯೊಂದನ್ನು ತಿರುಗಿಸಿ ನೋಡಿ. ಅಜ್ಜಿಯದೋ ಸೋದರತ್ತೆಯದೋ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿರುತ್ತದೆ. ಹಿಂದೆ ಮಡಿವಾಳರು ಒಂದೊಂದು ಮನೆಯ ಬಟ್ಟೆಗೂ ಕರಿಗೇರು ಕಾಯಿಯ ರಸದಿಂದ ಒಂದೊಂದು ಗುರುತು ಹಾಕುತ್ತಿದ್ದರು. ಹತ್ತಾರು ಮನೆಗಳ ಬಟ್ಟೆ ಒಟ್ಟಿಗೆ ಒಗೆದರೂ ಪಂಚೆ ಅದಲುಬದಲಾಗುತ್ತಿರಲಿಲ್ಲ. ಒಂದೇ ತೆರನಾದ ವಸ್ತುಗಳು ರಾಶಿ ಬಿದ್ದಾಗ 'ಇದು ನನ್ನದು' ಎಂದು ಹೇಳುವ ಸುಲಭದ ದಾರಿ ಇದೊಂದೇ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರೂ ಈ ದಾರಿಯನ್ನೇ ಹಿಡಿದರು. 1941ರಿಂದ 1945ರವರೆಗೆ ಅಲ್ಲಿ ತಯಾರಾದ 'ಎಂ-1' ಎಂಬ ಉಕ್ಕಿನ ಶಿರಸ್ತ್ರಾಣಗಳ ಸಂಖ್ಯೆ 2 ಕೋಟಿಗೂ ಹೆಚ್ಚು. ಬಣ್ಣ ಒಂದೇ, ಅಳತೆಯೂ ಒಂದೇ. ಸಾಮಾನ್ಯ ಸೈನಿಕನಿಗೆ ಸೇನೆ ಎಂಟು ಅಂಕಿಗಳ ಸಂಖ್ಯೆಯೊಂದನ್ನು ಕೊಟ್ಟಿರುತ್ತಿತ್ತು. ತನ್ನ ಮನೆತನದ ಹೆಸರಿನ ಮೊದಲ ಅಕ್ಷರ ಮತ್ತು ಆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು, ಉದಾಹರಣೆಗೆ 'ಆರ್-4127' ಎಂಬಂತೆ, ಆತ ಬಟ್ಟೆ, ಚೀಲ, ಬೆಲ್ಟು, ಟೋಪಿಗಳ ಮೇಲೆ ಬರೆಯುತ್ತಿದ್ದ. ಅದರ ಹೆಸರೇ 'ಲಾಂಡ್ರಿ ಗುರುತು'. ನಮ್ಮ ಮಡಿವಾಳರ ಗುರುತಿನ ಸೋದರ ಸಂಬಂಧಿ ಎನ್ನೋಣ!

ಇಂಥ ಟೋಪಿ ಕೈಗೆ ಸಿಕ್ಕರೆ ಹುಡುಕುವುದೆಲ್ಲಿ? ಉಕ್ಕಿನ ಚಿಪ್ಪಿನೊಳಗಿನ ಹಗುರವಾದ ಒಳಟೋಪಿ, ಹಣೆಗೆ ತಾಗುವ ಪಟ್ಟಿ, ಗದ್ದದ ಪಟ್ಟಿ, ಇವನ್ನು ಮೊದಲು ನೋಡಬೇಕು. ಟಾರ್ಚಿನ ಬೆಳಕನ್ನು ನೇರವಾಗಿ ಬಿಡದೆ ಓರೆಯಾಗಿ ಬಿಟ್ಟರೆ ಮಾಸಿದ ಗೀರುಗಳೂ ಎದ್ದು ಕಾಣುತ್ತವೆ. ಉಕ್ಕಿನ ಮುಂಭಾಗದ ಒಳ ಅಂಚಿನಲ್ಲಿ ಅಚ್ಚೊತ್ತಿದ ಅಂಕಿಗಳನ್ನು ಕಂಡು ಹೊಸಬರು ಹಿಗ್ಗುತ್ತಾರೆ. ಆದರೆ ಅದು ಸೈನಿಕನ ಸಂಖ್ಯೆಯಲ್ಲ, ಕಾರ್ಖಾನೆ ಹಾಕಿದ ಉಕ್ಕಿನ ತಂಡದ ಸಂಖ್ಯೆ.

ಈಗ ಒಂದು ಲೆಕ್ಕ ಮಾಡೋಣ. ಇಂಗ್ಲಿಷಿನ 26 ಅಕ್ಷರ, 10,000 ಅಂಕಿಜೋಡಣೆ. ಗುಣಿಸಿದರೆ 2,60,000 ಗುರುತುಗಳು. 1945ರಲ್ಲಿ ಅಮೆರಿಕದ ಭೂಸೇನೆಯಲ್ಲಿದ್ದವರು 80 ಲಕ್ಷಕ್ಕೂ ಮಿಕ್ಕಿ. ಎಂದರೆ ಒಂದೊಂದು ಗುರುತಿಗೆ ಸರಾಸರಿ ಮೂವತ್ತು ಮಂದಿ ಹಕ್ಕುದಾರರು! ಸುಮಾರು 190 ಜನರ ಒಂದು ಕಂಪನಿಯೊಳಗೆ ಈ ಗುರುತು ಸಾಕಾಗಿತ್ತು. ಅಲ್ಲಿ ಇಬ್ಬರದು ಒಂದೇ ಆಗುವುದು ಅಪರೂಪ. ಎಂಬತ್ತು ವರ್ಷಗಳ ಬಳಿಕ ಇಡೀ ಸೇನೆಯಲ್ಲಿ ಒಬ್ಬನನ್ನು ಹುಡುಕಲು ಅದು ಸಾಲದು.

ಆದ್ದರಿಂದ ಬೇರೆ ಸಾಕ್ಷಿಗಳನ್ನೂ ಕರೆಯಬೇಕು. ನಾರ್ಮಂಡಿಯಲ್ಲಿ ಹೋರಾಡಿದವರ ಟೋಪಿಯ ಹಿಂಬದಿಯಲ್ಲಿ ಬಿಳಿಯ ನೆಟ್ಟನೆಯ ಗೆರೆಯಿದ್ದರೆ ಅಧಿಕಾರಿ, ಅಡ್ಡಗೆರೆಯಿದ್ದರೆ ಸಾರ್ಜೆಂಟ್ ಮುಂತಾದವರು. 101ನೇ ವಾಯುವಾಹಿತ ಡಿವಿಜನ್ನಿನವರು ಪಕ್ಕದಲ್ಲಿ ಇಸ್ಪೀಟೆಲೆಯ ಚಿಹ್ನೆ ಬರೆದುಕೊಂಡಿದ್ದರು: ಹಾರ್ಟ್ ಎಂದರೆ 502ನೇ ರೆಜಿಮೆಂಟು, ಸ್ಪೇಡ್ ಎಂದರೆ 506ನೆಯದು. ಪೂರ್ಣ ಸಂಖ್ಯೆಯೇ ಸಿಕ್ಕರೆ ಅದೃಷ್ಟ. ಮೊದಲ ಅಂಕಿ 1 ಆದರೆ ತಾನಾಗಿ ಸೇರಿದವನು, 3 ಆದರೆ ಕಡ್ಡಾಯ ಸೇವೆಗೆ ಕರೆಬಂದವನು. ಎರಡನೆಯ ಅಂಕಿ ಆತ ಸೇನೆಗೆ ಸೇರಿದ ಪ್ರಾಂತವನ್ನು ಹೇಳುತ್ತದೆ.

ಟೋಪಿಯ ರಚನೆಯೂ ಸಾಕ್ಷಿಯೇ. ಗದ್ದದ ಪಟ್ಟಿಯನ್ನು ಹಿಡಿಯುವ ಕೊಂಡಿ ಮೊದಲು ಅಲುಗಾಡದಂತೆ ಬೆಸೆದದ್ದಾಗಿತ್ತು. 1943ರ ಕೊನೆಯ ಭಾಗದಿಂದ ಅತ್ತಿತ್ತ ಆಡುವ ಕೊಂಡಿ ಬಂತು. ಆಡುವ ಕೊಂಡಿಯ ಟೋಪಿಯನ್ನು ತೋರಿಸಿ '1942ರಲ್ಲಿ ಮಡಿದ ವೀರನದು' ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಹೆಸರಿದ್ದರೆ ಬೆಲೆ ಏರುತ್ತದೆ. ಅದಕ್ಕೇ ಹೊಸದಾಗಿ ಹೆಸರು ಬರೆಯುವವರೂ ಇದ್ದಾರೆ. ಇನ್ನು ಒಂದೇ ಟೋಪಿ ಇಬ್ಬರು ಮೂವರ ತಲೆ ಕಂಡಿರುವುದೂ ಉಂಟು. ಹೊಡೆದುಹಾಕಿದ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಶ್ರಮ ಏಕೆ? ಸರ್ಕಾರದ ದಾಖಲೆ ನೋಡಿದರಾಯಿತಲ್ಲ ಎನ್ನಬಹುದು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಸೇವಾ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿತ್ತು. ಸುಮಾರು 160ರಿಂದ 180 ಲಕ್ಷ ಕಡತಗಳು ನಾಶವಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಹೋದವು. ಸೇರ್ಪಡೆಯ ಪಟ್ಟಿಗಳು, ಸಂಬಳದ ಚೀಟಿಗಳಂಥ ಬೇರೆ ಕಾಗದಗಳಿಂದ ಕೆಲವನ್ನು ಮತ್ತೆ ಜೋಡಿಸಿದ್ದಾರೆ. ಕಾಗದ ಉರಿದುಹೋದ ಮೇಲೆ, ಟೋಪಿಯೊಳಗೆ ಒಬ್ಬ ಹುಡುಗ ಬರೆದ ಐದು ಅಕ್ಷರಗಳ ಬೆಲೆ ಹೆಚ್ಚಾಗದೆ ಇದ್ದೀತೆ?

ಬೆಲೆ ಹೆಚ್ಚಾದಷ್ಟೂ ಎಚ್ಚರ ಹೆಚ್ಚಬೇಕು. ಅಂದಾಜಿನ ಮೇಲೆ ಯಾವುದೋ ಮನೆಗೆ 'ಇದು ನಿಮ್ಮ ಅಜ್ಜನದು' ಎಂದು ಕೊಟ್ಟರೆ ಆ ಮನೆಗೂ ಅನ್ಯಾಯ, ನಿಜವಾದ ವಾರಸುದಾರರಿಗೂ ಅನ್ಯಾಯ. ತಪ್ಪು ಹೆಸರಿಗಿಂತ ಹೆಸರಿಲ್ಲದಿರುವುದೇ ಮೇಲು. ವಿಜ್ಞಾನದ ಪಾಠದಲ್ಲಿ ಮಕ್ಕಳು ಕಲಿಯುವುದೂ ಇದನ್ನೇ: ಒಂದು ಸಾಕ್ಷಿ ಊಹೆಗೆ ದಾರಿ, ಹಲವು ಸಾಕ್ಷಿ ಕೂಡಿದರೆ ಮಾತ್ರ ತೀರ್ಮಾನ.

ಇದೆಲ್ಲ ದೂರದ ಮಾತಾಯಿತು ಎನಿಸಿದರೆ ನಿಮ್ಮ ಮನೆಯ ಟ್ರಂಕನ್ನೇ ತೆಗೆಯಿರಿ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರಿನ ಅಶ್ವದಳದವರಿದ್ದರು. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಪಡೆದವರ ಸಂಖ್ಯೆ, ದರ್ಜೆ, ಹೆಸರು, ದಳ ಇವನ್ನು ಸಣ್ಣಕ್ಷರದಲ್ಲಿ ಅಚ್ಚೊತ್ತುತ್ತಿದ್ದರು. ಮುತ್ತಜ್ಜನ ಪದಕವಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಭೂತಕನ್ನಡಿಯಿಂದ ಅಂಚನ್ನು ಓದಿ, ಬರೆದಿಡಿ, ಫೋಟೋ ತೆಗೆದಿಡಿ. ಹಬ್ಬಕ್ಕೆ ಹೊಳೆಯಲಿ ಎಂದು ವಿಭೂತಿ ಹಚ್ಚಿ ಮಾತ್ರ ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಆ ಹೆಸರು ಒಂದಿಷ್ಟು ಸವೆಯುತ್ತದೆ.